ನಾಡಿ ಹಿಡಿಯದ ವೈದ್ಯ

ರೋಗಿಯನ್ನು ಕಣ್ಣಾರೆ ಕಾಣದೆ, ಕೈಯಿಂದ ಮುಟ್ಟದೆ ವೈದ್ಯರು ಔಷಧಿ ಹೇಳಬಹುದೇ? ಮಗುವಿಗೆ ಜ್ವರ ಬಂದರೆ ಪರಿಚಯದ ಡಾಕ್ಟರಿಗೆ ಫೋನು ಮಾಡುವುದು, ಅವರು ಒಂದು ಮಾತ್ರೆಯ ಹೆಸರು ಹೇಳುವುದು ನಮ್ಮ ಮನೆಗಳಲ್ಲಿ ಹಳೆಯ ವಾಡಿಕೆ. ಅದು ಸರಿಯೋ ತಪ್ಪೋ ಎಂಬ ಪ್ರಶ್ನೆ ಅನಾಹುತವಾದಾಗ ಮಾತ್ರ ಏಳುತ್ತಿತ್ತು.

ಮಹಾರಾಷ್ಟ್ರದಲ್ಲಿ ಅಂಥದೊಂದು ಅನಾಹುತ ನಡೆದು 2018ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದಿತು. ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾಗಿದ್ದ ತಾಯಿಯೊಬ್ಬರು ಮತ್ತೆ ಅಸ್ವಸ್ಥರಾದಾಗ ವೈದ್ಯರು ಊರಲ್ಲಿರಲಿಲ್ಲ. ಫೋನಿನ ಮೂಲಕವೇ ಔಷಧಿ ಹೇಳಲಾಯಿತು. ಆ ತಾಯಿ ತೀರಿಕೊಂಡರು. ರೋಗವೇನೆಂದು ಗುರುತಿಸದೆ ಔಷಧಿ ಕೊಡುವುದು ಅಪರಾಧವೆನಿಸುವಷ್ಟು ದೊಡ್ಡ ನಿರ್ಲಕ್ಷ್ಯವೆಂದು ಕಂಡ ನ್ಯಾಯಾಲಯ ನಿರೀಕ್ಷಣಾ ಜಾಮೀನು ನಿರಾಕರಿಸಿತು. ಆಮೇಲೆ ಅನೇಕ ವೈದ್ಯರು ಫೋನಿನಲ್ಲಿ ಸಲಹೆ ಕೊಡುವುದಕ್ಕೇ ಅಂಜಿದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಕೋವಿಡ್ ಬಂದಿತು. ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡ 2020ರ ಮಾರ್ಚ್ 25ರಂದೇ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದಿತು. ವೈದ್ಯರ ನಡತೆಯನ್ನು ಕುರಿತ 2002ರ ನಿಯಮಗಳಿಗೆ ಅದನ್ನು ಸೇರಿಸಲಾಯಿತು. ನೋಂದಾಯಿತ ವೈದ್ಯರು ಫೋನು, ವೀಡಿಯೊ, ಲಿಖಿತ ಸಂದೇಶ ಇವುಗಳಲ್ಲಿ ಯಾವುದರ ಮೂಲಕವಾದರೂ ಚಿಕಿತ್ಸೆ ಹೇಳಬಹುದು ಎಂದಾಯಿತು. ಆದರೆ ಎಲ್ಲ ಔಷಧಿಯನ್ನೂ ಅಲ್ಲ. ಜ್ವರ ಕೆಮ್ಮಿನಂಥ ಸಾಮಾನ್ಯ ಔಷಧಿಗಳನ್ನು ಹೇಗೆ ಬೇಕಾದರೂ ಹೇಳಬಹುದು. ಕೆಲವಕ್ಕೆ ಮೊದಲ ಸಲ ವೀಡಿಯೊದಲ್ಲಿ ಮುಖ ಕಾಣಲೇಬೇಕು. ಮಾದಕ ಗುಣದ ಔಷಧಿಗಳನ್ನಂತೂ ಹೀಗೆ ಬರೆಯುವಂತೆಯೇ ಇಲ್ಲ. ಬರೇ ಯಂತ್ರಬುದ್ಧಿಯಿಂದ ಔಷಧಿ ಬರೆಸುವುದೂ ನಿಷಿದ್ಧ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಡತೆಯ ನಿಯಮಗಳನ್ನು ತಂದು ಅದೇ ತಿಂಗಳಲ್ಲಿ ತಡೆಹಿಡಿಯಿತು. ಹೀಗಾಗಿ ಹಳೆಯ ನಿಯಮಗಳ ಆಸರೆಯೇ ಮುಂದುವರಿಯಿತು.

ಇದರಿಂದ ಉಪಕಾರವಾಗಿಲ್ಲ ಎನ್ನುವವರು ಹಳ್ಳಿಯಿಂದ ಜಿಲ್ಲಾ ಆಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಹೋದವರಲ್ಲ. ಸರಕಾರದ ಇ-ಸಂಜೀವಿನಿಯಲ್ಲಿ ಹಣ ಕೊಡದೆ ವೈದ್ಯರ ಸಲಹೆ ಸಿಗುತ್ತದೆ. ಮನಸ್ಸಿನ ನೋವಿಗೆ 14416 ಎಂಬ ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ 'ಟೆಲಿ ಮಾನಸ್' ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮನೋವೈದ್ಯರ ಬಾಗಿಲಲ್ಲಿ ಯಾರಾದರೂ ನೋಡಿಬಿಟ್ಟಾರು ಎಂದು ನಾಚುವವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೂ ಕುಟುಂಬಗಳು ಯೋಚಿಸಬೇಕಾದ ಮಾತೊಂದಿದೆ. ಮಗ ಕುವೈಟಿನಲ್ಲಿ, ಮಗಳು ಬೆಂಗಳೂರಿನಲ್ಲಿ, ತಾಯಿ ಊರಿನಲ್ಲಿ ಒಬ್ಬರೇ. ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ? ತಾಯಿಗೆ ಎದೆಯಲ್ಲಿ ಏನೋ ಭಾರ. ಮಗ ಅಲ್ಲಿಂದಲೇ ವೈದ್ಯರ ಸಮಯ ಗೊತ್ತುಮಾಡಿ, ಹಣ ಕಟ್ಟಿ, ಕರೆಗೆ ತಾಯಿಯನ್ನೂ ಸೇರಿಸುತ್ತಾನೆ. 'ನೋವು ಯಾವಾಗಿನಿಂದ ಅಮ್ಮ?' ಎಂದು ವೈದ್ಯರು ಕೇಳಿದರೆ ಉತ್ತರ ಕುವೈಟಿನಿಂದ ಬರುತ್ತದೆ. ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಮಗನ ಮನಸ್ಸಿಗೆ ಸಮಾಧಾನ. ತಾಯಿ ಹೇಳಬೇಕೆಂದಿದ್ದದ್ದು ತಾಯಿಯಲ್ಲೇ ಉಳಿಯಿತು.

ಈ ಸಂದರ್ಭವನ್ನು ಮಾರ್ಗಸೂಚಿ ಮರೆತಿಲ್ಲ ಎಂಬುದು ನನಗೆ ಆಶ್ಚರ್ಯದ ಸಂಗತಿ. ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆಯೆಂದು ತಿಳಿಯಬಹುದು. ಮನೆಯವರು ಕರೆ ಮಾಡಿದರೆ ಮಾತ್ರ ರೋಗಿಯ ಒಪ್ಪಿಗೆಯನ್ನು ಸ್ಪಷ್ಟವಾಗಿ ಕೇಳಿ, ವೈದ್ಯರು ಅದನ್ನು ದಾಖಲೆಯಲ್ಲಿ ಇಟ್ಟುಕೊಳ್ಳಬೇಕು. ರೋಗಿ ಯಾವ ಕ್ಷಣದಲ್ಲಾದರೂ ಕರೆಯನ್ನು ನಿಲ್ಲಿಸಬಹುದು. ರೋಗಿ ತಾನೇ ಬರಲು ಸಿದ್ಧನಿದ್ದರೂ, ನೇರವಾಗಿ ನೋಡಿರೆಂದು ಕೇಳಿಕೊಂಡರೂ, ಫೋನೇ ಸಾಕೆಂದು ವೈದ್ಯರು ಹಟ ಹಿಡಿದರೆ ಅದು ದುರ್ನಡತೆ. ಹಟ ಹಿಡಿಯುವವನು ಮಗನಾದರೆ? ಅದನ್ನು ದುರ್ನಡತೆ ಎನ್ನಲು ಯಾವ ಮಂಡಳಿಯೂ ಇಲ್ಲ.

ಗುಟ್ಟಿನ ವಿಷಯವೂ ಹೀಗೆಯೇ. 2023ರಲ್ಲಿ ವ್ಯಕ್ತಿಗಳ ಖಾಸಗಿ ಮಾಹಿತಿಯ ರಕ್ಷಣೆಗೆ ಕಾನೂನು ಬಂದಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಆಸ್ಪತ್ರೆಗಳು ರೋಗಿಯ ವಿವರಗಳನ್ನು ಬೇಕಾದವರಿಗೆಲ್ಲ ಹಂಚದಂತೆ ಹಂತಹಂತವಾಗಿ ಕಟ್ಟುಪಾಡು ಬರುತ್ತಿದೆ. ಆದರೆ ಒಬ್ಬ ವ್ಯಕ್ತಿ ತನ್ನ ಮನೆಯ ಉಪಯೋಗಕ್ಕಾಗಿ ಇಟ್ಟುಕೊಳ್ಳುವ ಮಾಹಿತಿಗೆ ಈ ಕಾನೂನು ಅನ್ವಯಿಸದು. ಅಮ್ಮನ ರಕ್ತಪರೀಕ್ಷೆಯ ಚೀಟಿಯ ಚಿತ್ರ ಅಣ್ಣತಮ್ಮಂದಿರು, ಅತ್ತಿಗೆಯಂದಿರು, ಸೋದರಮಾವಂದಿರು ಇರುವ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. 'ಪ್ರಾರ್ಥಿಸಿರಿ' ಎಂಬ ಸಾಲು ಬೇರೆ! ಅಮ್ಮನನ್ನು ಯಾರು ಕೇಳಿದರು? ಕಾನೂನು ಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಒಳಗಿನದೆಲ್ಲ ನಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು.

ಹಾಗಾದರೆ ದೂರದಿಂದ ಮಾಡುವ ಆರೈಕೆಯೇ ಕಡಿಮೆಯದೇ? ನನಗೆ ಹಾಗೆನಿಸುವುದಿಲ್ಲ. ಮತ್ತಾಯರ ಶುಭಸಂದೇಶದ ಎಂಟನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೇಸುಸ್ವಾಮಿ ಮೊದಲು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿ ಗುಣಪಡಿಸುತ್ತಾರೆ. ಮರುಘಟನೆಯಲ್ಲಿ ಶತಾಧಿಪತಿಯ ಸೇವಕನನ್ನು, ಅವನ ಮನೆಗೆ ಹೋಗದೆಯೇ, ಮಾತಿನಿಂದ ಗುಣಪಡಿಸುತ್ತಾರೆ. ಅದರ ಬೆನ್ನಿಗೇ ಪೇತ್ರರ ಅತ್ತೆಯ ಕೈ ಮುಟ್ಟುತ್ತಾರೆ. ಯಾರನ್ನೂ ಮುಟ್ಟಲು ಬಿಡದಿದ್ದ ಕುಷ್ಠರೋಗಿಗೆ ಬೇಕಾಗಿದ್ದದ್ದು ಸ್ಪರ್ಶವೇ. ಸೇವಕನಾದರೋ ಹಾಸಿಗೆ ಬಿಟ್ಟು ಏಳಲಾರದವನು. ಅವನಿಗಾಗಿ ಯಜಮಾನನೇ ನಡೆದು ಬಂದ. ತನ್ನ ಅನುಕೂಲಕ್ಕೆಂದು ಅವನು ದೂರದ ಚಿಕಿತ್ಸೆ ಬೇಡಲಿಲ್ಲ.

ಯಾರ ಅನುಕೂಲಕ್ಕಾಗಿ ಈ ದೂರ? ಮಂಡಿನೋವಿನ ತಾಯಿಯನ್ನು ಮಳೆಯಲ್ಲಿ ನಲವತ್ತು ಕಿಲೋಮೀಟರು ಕರೆದೊಯ್ಯುವುದಕ್ಕಿಂತ, ಹಿಂದೊಮ್ಮೆ ನೋಡಿದ ವೈದ್ಯರೇ ವೀಡಿಯೊದಲ್ಲಿ ವಿಚಾರಿಸುವುದು ನಿಜವಾದ ಕರುಣೆ. ಎದೆನೋವು ಬಂದಾಗ ಅದೇ ಫೋನು ಕಾಲಹರಣ. ತುರ್ತು ಸ್ಥಿತಿಯಲ್ಲಿ ಪ್ರಥಮ ಚಿಕಿತ್ಸೆಯನ್ನು ಹೇಳಿ ಆಸ್ಪತ್ರೆಗೆ ಕಳುಹಿಸಬೇಕೆಂದು ಮಾರ್ಗಸೂಚಿಯೂ ಹೇಳುತ್ತದೆ. ಆಗ ನೆರೆಮನೆಯವರನ್ನು ಎಬ್ಬಿಸಿ ಆಟೋ ಹಿಡಿಸಲು ದೂರದ ಮಗನಿಗೆ ಸಂಕೋಚವಾಗುವುದುಂಟು. ಅವರ ಹಂಗು ಬೇಡವೆಂದು ಅವನು ವೈದ್ಯರ ಫೋನಿಗೇ ಜೋತುಬೀಳುತ್ತಾನೆ.

ಮುಂದಿನ ಸಲ ಕರೆ ಹಚ್ಚುವ ಮುಂಚೆ ಅಮ್ಮನಿಗೇ ಒಂದು ಮಾತು ಕೇಳಬಹುದು: 'ಡಾಕ್ಟರನ್ನು ಹೋಗಿ ನೋಡುತ್ತೀಯಾ ಅಮ್ಮ, ಫೋನಿನಲ್ಲಿ ಮಾತಾಡಿದರೆ ಸಾಕಾ?' ಆಕೆ ಫೋನು ಸಾಕೆಂದರೆ, ವೈದ್ಯರು ಮಾತಾಡುವಷ್ಟು ಹೊತ್ತು ಉಳಿದವರು ಕರೆಯಿಂದ ಹೊರಗಿದ್ದು, ಆಕೆ ಕರೆದಾಗ ಒಳಗೆ ಬಂದರೆ ಸಾಕು.