ಮುಟ್ಟಾದ ದಿನ ಹಚ್ಚಿದ ದೀಪ

ಮುಟ್ಟಿನ ಬಗ್ಗೆ ಹೆಣ್ಣುಮಕ್ಕಳಿಗೆ ತಿಳಿಹೇಳಲು ಶಾಲೆಗೆ ಬರುವವರು ಗರ್ಭಕೋಶದ ಚಿತ್ರಪಟ ತರುತ್ತಾರೆ, ಪ್ಯಾಡಿನ ಪೊಟ್ಟಣ ತರುತ್ತಾರೆ, ಕಬ್ಬಿಣಾಂಶದ ಮಾತ್ರೆ ತರುತ್ತಾರೆ. ದೇವರ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಹೇಳಿಕೊಡುತ್ತಾ ಬಂದ ನನಗೆ ಮನದಟ್ಟಾಗಿರುವ ಸಂಗತಿಯೊಂದಿದೆ. ರಕ್ತದ ಭಯ ಹುಡುಗಿಯರಿಗೆ ಎರಡು ಮೂರು ತಿಂಗಳಲ್ಲಿ ಹೋಗಿಬಿಡುತ್ತದೆ. ದೇವರ ಭಯ ಹೋಗುವುದಿಲ್ಲ. ಅದು ಭಕ್ತಿಯಿಂದ ಹುಟ್ಟಿದ ಭಯವಾದ್ದರಿಂದ ಭಕ್ತಿಯ ಒಳಗಿನಿಂದಲೇ ಅದಕ್ಕೆ ಉತ್ತರ ಹೇಳಬೇಕು.

ಎಂಟನೇ ತರಗತಿಯಲ್ಲಿ ಹದಿಹರೆಯದ ಪಾಠ ಮುಗಿಸಿದ ದಿನ ಒಬ್ಬ ಹುಡುಗಿ ಸ್ಟಾಫ್‌ರೂಮಿನ ಬಾಗಿಲ ಹತ್ತಿರ ಬಹಳ ಹೊತ್ತು ನಿಂತಿದ್ದಳು. ಒಳಗೆ ಕರೆದಾಗ ಹೇಳಿದಳು: "ಮಿಸ್, ಡೇಟ್ ಆಗಿರೋದು ಗೊತ್ತಿಲ್ದೆ ಸಂಜೆ ದೇವ್ರಿಗೆ ದೀಪ ಹಚ್ಬಿಟ್ಟೆ. ಆಮೇಲೆ ಒಂದು ವಾರಕ್ಕೆ ನಮ್ಮೆಮ್ಮೆ ಸತ್ತೋಯ್ತು. ನನ್ನಿಂದ್ಲೇ ಅಲ್ವಾ?"

ಹದಿಮೂರು ವರ್ಷದ ಮಗು. ಮನೆಗೆ ಹಾಲು, ಸಾಲದ ಕಂತು ಎಲ್ಲವೂ ಆ ಎಮ್ಮೆಯಿಂದಲೇ ನಡೆಯುತ್ತಿತ್ತು. ಅದರ ಸಾವನ್ನು ತನ್ನ ಮೈಯ ಮೇಲೆ ಹೊತ್ತುಕೊಂಡು ಎಷ್ಟು ದಿನದಿಂದ ಓಡಾಡುತ್ತಿದ್ದಳೋ, ಯಾರಿಗೂ ಹೇಳಿರಲಿಲ್ಲ. ನಾನು ವಿಜ್ಞಾನದ ಮೇಷ್ಟರು ಕೇಳುವಂತೆಯೇ ಕೇಳಿದೆ. ಎಮ್ಮೆಗೆ ಜ್ವರ ಬಂದಿತ್ತೇ, ಗಂಟಲು ಊದಿಕೊಂಡಿತ್ತೇ, ಊರಲ್ಲಿ ಬೇರೆಯವರ ದನಗಳೂ ಸತ್ತವೇ? ಎಲ್ಲಕ್ಕೂ ಹೂಂ ಅಂದಳು. ಮಳೆಗಾಲಕ್ಕೆ ಬರುವ ಗಳಲೆ ರೋಗ ಎಮ್ಮೆಗಳನ್ನು ಒಂದೆರಡು ದಿನದಲ್ಲೇ ಕೊಂದುಬಿಡುತ್ತದೆ, ಅದಕ್ಕೆ ಮುಂಚೆಯೇ ಚುಚ್ಚುಮದ್ದು ಹಾಕಿಸಬೇಕು ಎಂದು ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು, ಅರ್ಥವೂ ಆಯಿತು. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದಳು: "ಅದು ಸರಿ ಮಿಸ್. ಆದ್ರೂ ದೀಪ ಹಚ್ಚಿದ್ದು ಪಾಪ ಅಲ್ವಾ?"

ಇದು ವಿಜ್ಞಾನದ ಪ್ರಶ್ನೆಯಲ್ಲ. ಇದಕ್ಕೆ ಪಠ್ಯಪುಸ್ತಕದ ಯಾವ ಪುಟದಲ್ಲೂ ಉತ್ತರ ಇಲ್ಲ. ಹಾಗೆಂದು ಉತ್ತರಿಸದೆ ಕಳಿಸಿದರೆ ಆ ಮಗು ಇನ್ನು ನಲವತ್ತು ವರ್ಷ ತಿಂಗಳು ತಿಂಗಳೂ ತನ್ನನ್ನು ಅಪರಾಧಿ ಎಂದುಕೊಂಡೇ ಬದುಕುತ್ತದೆ.

ನಾನು ಹೇಳುವುದು ಹೀಗೆ. ಪಾಪ ಅನ್ನುವುದು ನಾವು ಮಾಡುವಂಥದ್ದು. ಸುಳ್ಳು ಹೇಳಿದರೆ, ಕದ್ದರೆ, ಇನ್ನೊಬ್ಬರ ಹೊಟ್ಟೆಗೆ ಹೊಡೆದರೆ ಅದು ಪಾಪ, ಏಕೆಂದರೆ ಅಲ್ಲಿ ಮಾಡದೆ ಇರುವ ದಾರಿಯೂ ನಮಗಿತ್ತು. ಮುಟ್ಟನ್ನು ಯಾವ ಹುಡುಗಿಯೂ ಮಾಡುವುದಿಲ್ಲ, ಅದು ಅವಳಿಗೆ ಆಗುತ್ತದೆ. ನೆಂಟರು ಬರುತ್ತಾರೆಂದು ಹಾಸಿದ ಹಾಸಿಗೆಯನ್ನು ಅವರು ಬಾರದಿದ್ದಾಗ ಸುತ್ತಿ ಇಡುವ ಹಾಗೆ, ಮಗುವಿಗೆಂದು ಗರ್ಭಕೋಶ ಹೊಂದಿಸಿಕೊಂಡ ಪದರ ಆ ತಿಂಗಳು ಬಸಿರಿಲ್ಲವೆಂದರೆ ಕಳಚಿ ಬರುತ್ತದೆ. ಒಟ್ಟು ಹರಿಯುವ ರಕ್ತ ಮೂವತ್ತರಿಂದ ಎಂಬತ್ತು ಮಿಲಿಲೀಟರು. ಅದು ಮೈಯ ಬೇರೆ ಕಡೆ ಹರಿಯುವ ರಕ್ತದಂಥದ್ದೇ, ಕೆಟ್ಟ ರಕ್ತ ಅನ್ನುವುದು ಯಾವುದೂ ಇಲ್ಲ. ವಾಸನೆ ಬರುವುದು ಹೊರಗೆ ಗಾಳಿ ತಾಗಿದ ಮೇಲೆ. ನಾವು ಬೇಡವೆಂದರೂ ನಡೆಯುವ, ನಮ್ಮ ಮನಸ್ಸಿನ ಅಪ್ಪಣೆ ಕೇಳದ ಕೆಲಸಕ್ಕೆ ಪಾಪ ಅಂಟಿಸಿದರೆ ಉಸಿರಾಡುವುದಕ್ಕೂ ಅಂಟಿಸಬೇಕಾಗುತ್ತದೆ.

ಶಾಸ್ತ್ರದಲ್ಲಿ ಇದೆಯಲ್ಲ ಎಂದು ಹಿರಿಯರು ಹೇಳುತ್ತಾರೆ. ಇದೆ. ಶಾಸ್ತ್ರ ಏನು ಹೇಳುತ್ತದೆಂದು ಹುಡುಗಿಯರಿಗೆ ಪೂರ್ತಿ ಗೊತ್ತಾಗಲಿ ಎಂದೇ ನಾನು ತೈತ್ತಿರೀಯ ಸಂಹಿತೆಯ ಕಥೆಯನ್ನು ತರಗತಿಯಲ್ಲಿ ಹೇಳುತ್ತೇನೆ. ದೇವತೆಗಳ ಪುರೋಹಿತನಾಗಿದ್ದ ವಿಶ್ವರೂಪನಿಗೆ ಮೂರು ತಲೆ. ಅವನ ಮೇಲೆ ಅನುಮಾನ ಬಂದು ಇಂದ್ರ ಮೂರೂ ತಲೆ ಕಡಿದ. ಬ್ರಹ್ಮಹತ್ಯೆ ಸುತ್ತಿಕೊಂಡಿತು. ಒಂದು ವರ್ಷ ಹೊತ್ತು ತಿರುಗಿದ ಮೇಲೆ ಭೂಮಿಯ ಬಳಿ ಹೋಗಿ ಮೂರರಲ್ಲಿ ಒಂದು ಪಾಲು ತೆಗೆದುಕೋ ಎಂದು ಬೇಡಿದ, ಮರಗಳ ಬಳಿ ಹೋಗಿ ಇನ್ನೊಂದು ಪಾಲು, ಹೆಂಗಸರ ಬಳಿ ಹೋಗಿ ಮತ್ತೊಂದು. ಮೂವರೂ ವರ ಕೇಳಿ ಪಡೆದೇ ಹೊತ್ತುಕೊಂಡರು. ಅಗೆದ ಭೂಮಿ ಮತ್ತೆ ತುಂಬಿಕೊಳ್ಳಲಿ, ಕಡಿದ ಮರ ಮತ್ತೆ ಚಿಗುರಲಿ, ಹೆಣ್ಣಿಗೆ ಮಕ್ಕಳಾಗಲಿ. ಭೂಮಿಯ ಪಾಲು ಬರಡು ನೆಲವಾಯಿತು, ಮರದ ಪಾಲು ಅಂಟಾಯಿತು, ಹೆಣ್ಣಿನ ಪಾಲು ಮುಟ್ಟಾಯಿತು.

ಕಥೆ ಮುಗಿಸಿ ಕೇಳುತ್ತೇನೆ, ಕೊಲೆ ಮಾಡಿದ್ದು ಯಾರು? ಇಡೀ ತರಗತಿ ಇಂದ್ರ ಅನ್ನುತ್ತದೆ, ಹುಡುಗರೂ ಸೇರಿ. ಹುಡುಗರನ್ನು ಈ ಪಾಠಕ್ಕೆ ಹೊರಗೆ ಕಳಿಸುವ ಪದ್ಧತಿ ಕೆಲವು ಕಡೆ ಇದೆ. ನಾನು ಕಳಿಸುವುದಿಲ್ಲ. ನಾಳೆ ಮನೆಯಲ್ಲಿ ಹೆಂಡತಿಗೋ ಮಗಳಿಗೋ ಮೂಲೆ ತೋರಿಸುವವರು ಇವರೇ ಆಗಬಾರದಲ್ಲ.

ಅದೇ ಸಂಹಿತೆಯಲ್ಲಿ ಮುಟ್ಟಾದವಳು ಮೂರು ರಾತ್ರಿ ಏನೇನು ಮಾಡಬಾರದು ಎಂಬ ಪಟ್ಟಿಯೂ ಇದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೂವರು ಹೊತ್ತ ಒಂದೇ ಹೊರೆಯಲ್ಲಿ ಒಬ್ಬಳನ್ನು ಮಾತ್ರ ಯಾಕೆ ಹೊರಗೆ ಕೂರಿಸಿದೆವು? ಮರದ ಅಂಟನ್ನು ತುಪ್ಪದಲ್ಲಿ ಹುರಿದು, ಕೊಬ್ಬರಿ ಬೆಲ್ಲ ಸೇರಿಸಿ, ಉಂಡೆ ಕಟ್ಟಿ ಬಾಣಂತಿಗೆ ತಿನ್ನಿಸುತ್ತೇವೆ. ಬರಡು ನೆಲದ ಮೇಲೂ ಗುಡಿ ಕಟ್ಟುತ್ತೇವೆ. ಇನ್ನೊಬ್ಬರ ಪಾಪ ಹಂಚಿಕೊಂಡವಳಿಗೆ ನಾವು ಋಣಿಯಾಗಿರಬೇಕಿತ್ತು. ಬದಲಾಗಿ ಋಷಿಪಂಚಮಿ ವ್ರತ ಕೊಟ್ಟೆವು. ಗಣೇಶನ ಹಬ್ಬದ ಮಾರನೆಯ ದಿನ ಉತ್ತರಾಣಿ ಕಡ್ಡಿಯಲ್ಲಿ ಹಲ್ಲುಜ್ಜಿ, ಮುಟ್ಟಿನ ದಿನಗಳಲ್ಲಿ ತಿಳಿದೋ ತಿಳಿಯದೆಯೋ ಮುಟ್ಟಿದ್ದಕ್ಕೆ ಹೆಂಗಸರು ಕ್ಷಮೆ ಬೇಡುತ್ತಾರೆ. ಆ ವ್ರತದ ಕಥೆಯಲ್ಲಿ ಹಿಂದಿನ ಜನ್ಮದಲ್ಲಿ ಮುಟ್ಟಾಗಿ ಪಾತ್ರೆ ಮುಟ್ಟಿದವಳ ಮೈಗೆ ಹುಳ ಬೀಳುತ್ತದೆ. ಇದನ್ನು ಕೇಳಿ ಬೆಳೆದ ಮನೆಯಲ್ಲಿ ಒಂದು ಮಗು ತನ್ನಿಂದಲೇ ಎಮ್ಮೆ ಸತ್ತಿತು ಎಂದುಕೊಂಡರೆ ಅದರಲ್ಲಿ ಆಶ್ಚರ್ಯವೇನಿದೆ?

ನಮ್ಮದೇ ನಾಡಿನಲ್ಲಿ ಬೇರೆ ದಾರಿಯೂ ಇತ್ತು. ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಕೆಡ್ಡಸ ಬರುತ್ತದೆ. ಆ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ, ಮರ ಕಡಿಯುವುದಿಲ್ಲ. ಕೊನೆಗೆ ಅವಳ ಸ್ನಾನಕ್ಕೆಂದು ಎಣ್ಣೆ, ಸೀಗೆಪುಡಿ ಇಟ್ಟು ಗೌರವಿಸುತ್ತಾರೆ. ಹೊಲಸು ಎಂದು ಯಾರೂ ನೆಲದಿಂದ ಕಾಲು ಎತ್ತುವುದಿಲ್ಲ. ಅಸ್ಸಾಮಿನ ಕಾಮಾಖ್ಯೆಯಲ್ಲಿ ಆಷಾಢದ ಅಂಬುಬಾಚಿಗೆ ಮೂರು ದಿನ ಗುಡಿಯ ಬಾಗಿಲು ಹಾಕಿ, ತೆರೆದ ಮೇಲೆ ಕೆಂಪು ಬಟ್ಟೆಯ ಚೂರನ್ನೇ ಪ್ರಸಾದವೆಂದು ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ದೇವಿಗೆ ಆಗುವುದು ಪವಿತ್ರ, ದೇವಿಯ ಹೆಸರಿಟ್ಟುಕೊಂಡ ಹುಡುಗಿಗೆ ಆಗುವುದು ಮೈಲಿಗೆ ಎಂದರೆ ಅದು ತರ್ಕಕ್ಕೆ ನಿಲ್ಲದ ಮಾತು.

ಮೂರು ದಿನ ಹೊರಗೆ ಕೂರಿಸಿದ್ದು ಹೆಂಗಸರಿಗೆ ವಿಶ್ರಾಂತಿ ಸಿಗಲೆಂದೇ ಎನ್ನುವವರಿದ್ದಾರೆ. ಕೆಡ್ಡಸದ ಭೂಮಿಗೆ ಸಿಗುವುದು ನಿಜವಾಗಿ ವಿಶ್ರಾಂತಿ. ನಮ್ಮ ಕಡೆ ಹೊರಗಾದ ಹೆಂಗಸು ಅಡುಗೆಮನೆಗೆ ಹೋಗುವುದಿಲ್ಲ ಅಷ್ಟೇ, ಕಳೆ ಕೀಳಲು, ಕಡಲೆಕಾಯಿ ಬಿಡಿಸಲು, ಸೌದೆ ತರಲು ಹೋಗಲೇಬೇಕು. ಸುಸ್ತಾದವಳನ್ನು ಮಲಗಿಸಿ ಬಿಸಿನೀರು ಕೊಡುವುದಕ್ಕೆ ಅವಳನ್ನು ಮುಟ್ಟಬಾರದವಳನ್ನಾಗಿ ಮಾಡಬೇಕಾಗಿಲ್ಲ.

ನಾನು ಹುಟ್ಟಿದ್ದು ಲಿಂಗಾಯತ ಮನೆಯಲ್ಲಿ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ತೆಗೆದುಹಾಕಿದರು. ಲಿಂಗವಿದ್ದ ಮೈಗೆ ಸೂತಕವಿಲ್ಲ ಎಂಬುದು ಅವರ ನಿಲುವು. ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ಬರೆದ ಕಾಲ ಅದು, ತಿಂಗಳಿಗೆ ಮೂರು ದಿನ ದೇವರಿಂದ ದೂರವಿರು ಎಂದಿದ್ದರೆ ಆ ಹೆಂಗಸರ ಅನುಭಾವ ಹುಟ್ಟುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೂ ನಮ್ಮನೆಯಲ್ಲಿ ನನ್ನನ್ನು ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸುತ್ತಿದ್ದರು. ಮೊದಲ ಸಲ ಮೈನೆರೆದಾಗ ಆರತಿ ಬೆಳಗಿ, ಎಳ್ಳಿನ ಚಿಗಳಿ ತಿನ್ನಿಸಿ, ಹೊಸ ಸೀರೆ ಉಡಿಸಿದ್ದ ಅದೇ ಅಜ್ಜಿ ಮುಂದಿನ ತಿಂಗಳು ತಟ್ಟೆ ಲೋಟ ಬೇರೆ ಇಟ್ಟಳು. "ಅಜ್ಜಿ, ಲಿಂಗ ನನ್ನ ಕೊರಳಲ್ಲೇ ಐತಲ್ಲ, ಅದೂ ಹೊರಗೆ ಕೂತಂಗಾಯ್ತಲ್ಲ" ಎಂದು ಕೇಳಿದ್ದೆ. ಅಜ್ಜಿ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮತ್ತೆ ಹೇಳಿದ್ರು, ಮಾಡ್ಕೊಂಡ್ ಬಂದೆ ಕಣವ್ವ" ಅಂದಳು. ನಂಬಿಕೆಗಿಂತ ಅತ್ತೆಯ ಮಾತು ಗಟ್ಟಿಯಾಗಿ ನಿಂತಿದ್ದು ಅಂದು ನನಗೆ ಕಂಡಿತು. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಯಾರೂ ಬೇರೆ ಉತ್ತರ ಹೇಳಿರಲಿಲ್ಲ.

ನನ್ನ ತರಗತಿಯಲ್ಲಿ ಮುಸ್ಲಿಂ ಹುಡುಗಿಯರೂ ಇದ್ದಾರೆ. ಆ ದಿನಗಳಲ್ಲಿ ಅವರಿಗೆ ನಮಾಜಿನಿಂದ ಬಿಡುವಿದೆ, ಬಿಟ್ಟ ನಮಾಜನ್ನು ತಿರುಗಿ ಮಾಡಬೇಕಾಗಿಲ್ಲ, ಬಿಟ್ಟ ರೋಜಾ ಮಾತ್ರ ಆಮೇಲೆ ಹಿಡಿಯಬೇಕು. ಅಡುಗೆ ಮುಟ್ಟಬಾರದು, ಜೊತೆಯಲ್ಲಿ ಉಣ್ಣಬಾರದು ಎಂಬುದು ಅವರ ಧರ್ಮದಲ್ಲಿಲ್ಲ. ಇದನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ. ಒಂದೇ ಬೆಂಚಿನ ಗೆಳತಿ ಹೇಳಿದ್ದು ನನ್ನ ಮಾತಿಗಿಂತ ಬೇಗ ಮನಸ್ಸಿಗೆ ಇಳಿಯುತ್ತದೆ.

ಈ ದೇವರ ಭಯ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ನೋಡಿದೆ. ತುಮಕೂರು, ಚಿತ್ರದುರ್ಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿಯಿದೆ. 2023ರ ಜುಲೈನಲ್ಲಿ ತುಮಕೂರಿನ ಹತ್ತಿರದ ಹಟ್ಟಿಯೊಂದರಲ್ಲಿ ಮಳೆಯಲ್ಲಿ ಹಟ್ಟಿಯಾಚೆಯ ಗುಡಿಸಲಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಮುಟ್ಟಾದವರನ್ನು ಹೀಗೆ ಊರಾಚೆ ಇರಿಸುವುದು 2017ರ ಕರ್ನಾಟಕದ ಮೌಢ್ಯ ನಿಷೇಧ ಕಾನೂನಿನಂತೆ ಅಪರಾಧ. ಕಾನೂನು ಬೇಕೇ ಬೇಕು. ಆದರೆ ಆ ಹೆಂಗಸರಲ್ಲಿ ಎಷ್ಟೋ ಜನ ಯಾರೂ ತಳ್ಳದೆ ತಾವೇ ಹೊರಗೆ ನಡೆಯುತ್ತಾರೆ, ದೇವರು ಮುನಿದರೆ ಕುರಿಮಂದೆಗೆ, ಮಕ್ಕಳಿಗೆ ಕೇಡಾಗುತ್ತದೆ ಎಂದು. ಪೊಲೀಸರು ಗುಡಿಸಲು ಕೆಡವಬಹುದು. ಆ ಮುನಿಸಿನ ದೇವರನ್ನು ಅವರ ಮನಸ್ಸಿನಿಂದ ಇಳಿಸಲು ಅವರೇ ನಂಬುವ ಯಾರಾದರೂ ಹತ್ತಿರ ಕೂತು ಮಾತಾಡಬೇಕು.

ಹುಡುಗಿಯರಿಗೆ ಮನೆಯಲ್ಲಿ ಜಗಳವಾಡಿ ಎಂದು ನಾನು ಹೇಳುವುದಿಲ್ಲ. ಹದಿಮೂರರ ಮಗಳು ಅಜ್ಜಿಯನ್ನು ಎದುರಿಸಿ ಗೆಲ್ಲಲಾರಳು, ಊಟವೂ ಅವರ ಕೈಯಲ್ಲೇ. ಮೂಲೆಯಲ್ಲಿ ಕೂರಿಸಿದರೂ ತಾನು ತಪ್ಪು ಮಾಡಿಲ್ಲ ಎಂದು ತಿಳಿದು ಕೂರಲಿ, ಅಷ್ಟು ಮೊದಲು ಸಾಕು. ತಾಯಂದಿರ ಹತ್ತಿರ ಮಾತ್ರ ಖಂಡಿತವಾಗಿ ಮಾತಾಡುತ್ತೇನೆ. ಪೋಷಕರ ಸಭೆ ಮುಗಿದ ಮೇಲೆ ಗಂಡಸರು ಎದ್ದು ಹೋಗುವುದನ್ನೇ ಕಾದಿದ್ದು ಅವರೂ ಕೇಳುತ್ತಾರೆ. "ನಮ್ಮತ್ತೆ ಬಿಡಲ್ಲ ಮಿಸ್" ಎಂಬುದು ಹೆಚ್ಚಿನವರ ಮಾತು. ನೀವು ಅತ್ತೆಯಾಗುವ ಹೊತ್ತಿಗಾದರೂ ಬಿಡುತ್ತೀರಾ ಎಂದು ಕೇಳಿದರೆ ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ, ಕೆಲವರು ಹೂಂ ಅನ್ನುತ್ತಾರೆ. ದೀಪ ಹಚ್ಚಿದ ಹುಡುಗಿಯ ತಾಯಿ ಹೂಂ ಅಂದವರಲ್ಲಿ ಒಬ್ಬರು.

ಇದನ್ನು ಓದುತ್ತಿರುವ ತಾಯಂದಿರಲ್ಲಿ, ಅಪ್ಪಂದಿರಲ್ಲೂ, ನನ್ನ ಕೋರಿಕೆ ಇಷ್ಟು. ಮಗಳಿಗೆ ಒಂಬತ್ತು ತುಂಬುವಾಗಲೇ ಹೇಳಿ, ರಕ್ತ ಕಂಡು ಅವಳೇ ಬಂದು ಕೇಳಲಿ ಎಂದು ಕಾಯಬೇಡಿ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಲು ಕಲಿಸಿ. ಬಟ್ಟೆ ಬಳಸುವವರಾದರೆ ಕೋಣೆಯ ಕತ್ತಲೆಯಲ್ಲಿ ಬಚ್ಚಿಟ್ಟು ಒಣಗಿಸದೆ ಬಿಸಿಲಿಗೆ ಹಾಕಿ. ಮೊದಲ ಒಂದೆರಡು ವರ್ಷ ದಿನ ಹಿಂದೆಮುಂದೆ ಆಗುತ್ತದೆ, ಹೆದರಬೇಡಿ. ಏಳು ದಿನ ಮೀರಿ ಹೋದರೆ, ಶಾಲೆ ತಪ್ಪಿಸುವಷ್ಟು ನೋವಿದ್ದರೆ, ಹದಿನೈದಾದರೂ ಆಗದಿದ್ದರೆ ವೈದ್ಯರಿಗೆ ತೋರಿಸಿ. ಇದೆಲ್ಲ ಹೇಳಿದ ಮೇಲೆ ದೇವರ ಮಾತನ್ನೂ ಹೇಳಿ. ನಿನ್ನನ್ನು ಹೀಗೆ ಮಾಡಿದವನು ಇದಕ್ಕಾಗಿ ನಿನ್ನ ಮೇಲೆ ಸಿಟ್ಟಾಗುವುದಿಲ್ಲ ಎಂದು, ಮನೆಯ ಹಿರಿಯರ ಎದುರಿಗೇ, ನಿಮ್ಮ ಬಾಯಿಂದಲೇ ಹೇಳಿ.