ನಾವು ಮಲಗಿದಾಗ ಎಚ್ಚರವಿದ್ದವರು

ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡುವವರ ನಂಬಿಕೆ ದೊಡ್ಡದು. ಹೆಸರು ಕೇಳದ, ಮುಖವನ್ನೂ ಸರಿಯಾಗಿ ನೋಡದ ಒಬ್ಬರ ಕೈಗೆ ಜೀವ ಒಪ್ಪಿಸಿ ಹೊದಿಕೆ ಎಳೆದುಕೊಳ್ಳುತ್ತಾರೆ. ದೇವರ ಮೇಲೂ ಇಷ್ಟು ಸಲೀಸಾಗಿ ಭಾರ ಹಾಕಿ ಮಲಗಿದವರನ್ನು ನಾನು ಕಂಡಿಲ್ಲ.

*

ನನ್ನದು ಲೆಕ್ಕ ತಪಾಸಣೆಯ ಕೆಲಸ. ಹುಬ್ಬಳ್ಳಿ, ಬಳ್ಳಾರಿ, ಮಂಗಳೂರು, ಕಲಬುರಗಿ ಎಂದು ಬೆಂಗಳೂರಿನಿಂದ ಹೊರಟು ಬೆಂಗಳೂರಿಗೆ ಮರಳುವುದರಲ್ಲೇ ಅರ್ಧ ಬದುಕು ಕಳೆದಿದೆ. ಕೆಲಸಕ್ಕಾಗಿ ಸುತ್ತುವವನಿಗೆ ಊರು ನೋಡುವ ಭಾಗ್ಯ ಇದೆ ಎಂದು ಮನೆಯಲ್ಲಿರುವವರು ತಿಳಿಯುತ್ತಾರೆ. ಅವನು ನೋಡುವುದು ನಿಲ್ದಾಣ, ಲಾಡ್ಜಿನ ಕೋಣೆ, ಇನ್ನೊಂದು ಕಚೇರಿಯ ಮೇಜು. ಹೊಸಪೇಟೆಗೆ ವರ್ಷಗಟ್ಟಲೆ ಹೋಗಿ ಬರುವ ಎಷ್ಟೋ ಮಂದಿ ಹಂಪಿಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದ್ದೇ ಕೊನೆ. ಹಂಪಿಯೇನೂ ದೂರವಿಲ್ಲ. ಸಂಜೆಯ ಗಾಡಿ ತಪ್ಪಿದರೆ ಮನೆಯಲ್ಲಿ ಮಲಗುವ ಒಂದು ರಾತ್ರಿ ಕೈಬಿಡುತ್ತದಲ್ಲ, ಆ ಲೆಕ್ಕವೇ ದೂರ.

*

ಹೊರಡುವವನ ಚೀಲದಲ್ಲಿ ಏನಿದೆ ಎಂದು ಅವನಿಗಿಂತ ಚೆನ್ನಾಗಿ ಮನೆಯಲ್ಲಿ ಉಳಿದವರಿಗೆ ಗೊತ್ತಿರುತ್ತದೆ.

*

ಮಗಳು ಚಿಕ್ಕವಳಿದ್ದಾಗ, ನಾನು ಎಷ್ಟು ದಿನಕ್ಕೆ ಬರುತ್ತೇನೆ ಎಂದು ಕೇಳುತ್ತಿರಲಿಲ್ಲ. ಎಷ್ಟು ಸಲ ಮಲಗಿ ಎದ್ದರೆ ಬರುತ್ತೀಯ ಎಂದು ಕೇಳುತ್ತಿದ್ದಳು. ಮಕ್ಕಳ ಈ ಅಳತೆ ನಮ್ಮ ಕ್ಯಾಲೆಂಡರಿಗಿಂತ ಸರಿಯಾದದ್ದು. ಹಗಲು ಹೇಗೋ ಶಾಲೆ, ಆಟ, ಜಗಳಗಳಲ್ಲಿ ಕಳೆಯುತ್ತದೆ. ಇಲ್ಲದವರು ನೆನಪಾಗುವುದು ದೀಪ ಆರಿಸಿದ ಮೇಲೆ.

*

ಪ್ರವಾಸ ಭತ್ಯೆ ಹೋದವನಿಗೆ ಸಿಗುತ್ತದೆ. ಸಿಲಿಂಡರ್ ಖಾಲಿಯಾದದ್ದು, ಶಾಲೆಯ ಪೋಷಕರ ಸಭೆ, ಮಾವನ ಬಿಪಿ ಮಾತ್ರೆ, ಮಧ್ಯರಾತ್ರಿ ಏರಿದ ಮಗುವಿನ ಜ್ವರ, ಇವನ್ನೆಲ್ಲ ಒಬ್ಬಳೇ ಹೊತ್ತವಳಿಗೆ ಯಾವ ಭತ್ಯೆಯೂ ಇಲ್ಲ. ಮನೆಗೆ ತಂದ ಪ್ರತಿ ಸಂಬಳದಲ್ಲಿ ಅವಳ ದುಡಿಮೆಯೂ ಸೇರಿದೆ ಎಂಬುದನ್ನು ನಾವು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿಟ್ಟುಕೊಂಡ ಕೃತಜ್ಞತೆ ಅವಳಿಗೆ ಮುಟ್ಟುವುದಿಲ್ಲ.

*

'ಮುಟ್ಟಿದ ಕೂಡಲೇ ಫೋನ್ ಮಾಡು' ಎನ್ನುವ ತಾಯಂದಿರು ಈಗಲೂ ಇದ್ದಾರೆ. ಬಸ್ಸು ಎಲ್ಲಿದೆ ಎಂದು ಮೊಬೈಲಿನ ನಕ್ಷೆಯಲ್ಲಿ ತೋರಿಸಬಹುದು, ಚುಕ್ಕೆ ಚಲಿಸುವುದನ್ನು ಅವಳೂ ನೋಡಬಹುದು. ಆದರೂ ಅವಳಿಗೆ ದನಿ ಬೇಕು. ಬೆಳಗಿನ ಐದು ಗಂಟೆಗೆ ಮೊದಲ ರಿಂಗಿಗೇ ಫೋನ್ ಎತ್ತಿದಳೆಂದರೆ ರಾತ್ರಿಯಿಡೀ ಬಸ್ಸಿನ ಜೊತೆ ಅವಳೂ ಎಚ್ಚರವಿದ್ದಳು ಎಂದೇ ಅರ್ಥ. ಆ ಎರಡು ನಿಮಿಷದ ಫೋನನ್ನು ಕಾಫಿ ಕುಡಿದ ಮೇಲೆ ಮಾಡಿದರಾಯಿತು ಎಂದು ಮುಂದೂಡಬಾರದು.

*

ದೇಶದಲ್ಲಿ 1961ರಿಂದ 2025ರವರೆಗೆ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಇತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗಕ್ಕೆ ಅನುಮತಿ ಪಡೆದು 10 ಗಂಟೆಯವರೆಗೆ. 5 ಗಂಟೆಗಿಂತ ಹೆಚ್ಚು ಎಡೆಬಿಡದೆ ದುಡಿಸುವಂತಿರಲಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಲೇಬೇಕಿತ್ತು. ಕಾನೂನು ಮಾಡಿದವರಿಗೆ ಮನುಷ್ಯನ ಕಣ್ಣುರೆಪ್ಪೆಯ ಭಾರ ಗೊತ್ತಿತ್ತು. ಬಾಡಿಗೆ ಕಾರಿನ ಚಾಲಕನೊಬ್ಬ ಹಗಲೆಲ್ಲ ವಿಮಾನ ನಿಲ್ದಾಣಕ್ಕೆ ಓಡಾಡಿ, ರಾತ್ರಿ ಮತ್ತೆ ಧರ್ಮಸ್ಥಳಕ್ಕೆ ಹೊರಟಾಗ ಅಂಥ ಮಿತಿಗಳ ನೆನಪು ಮಾಲೀಕನಿಗೂ ಇರುವುದಿಲ್ಲ, ಹಿಂದೆ ಕೂತ ನಮಗೂ ಇರುವುದಿಲ್ಲ.

*

2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಮಹಬೂಬ್‌ನಗರದ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ತೀರಿಕೊಂಡರು. 2025ರ ಅಕ್ಟೋಬರ್ 24ರ ನಸುಕಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಉರಿಯಿತು. ಹೆದ್ದಾರಿ ಅದೇ. ಮೊದಲನೆಯದು ದೀಪಾವಳಿಗೆ ಮುಂಚಿನ ದಿನಗಳಲ್ಲಿ ನಡೆಯಿತು, ಎರಡನೆಯದು ಹಬ್ಬ ಮುಗಿದ ಮೇಲೆ. ಹಬ್ಬಕ್ಕೆ ಮನೆಗೆ ಹೋಗುವುದು, ಹಬ್ಬ ಮುಗಿಸಿ ಕೆಲಸಕ್ಕೆ ಮರಳುವುದು, ನಮ್ಮ ಕಾಲದ ದುಡಿಯುವ ಮಕ್ಕಳ ಬದುಕೆಲ್ಲ ಈ ಎರಡು ಪ್ರಯಾಣಗಳ ನಡುವೆ ಇದೆ.

ಇಂಥದ್ದು ನಡೆದಾಗ ತುರ್ತು ಬಾಗಿಲು, ಗಾಜು ಒಡೆಯುವ ಸುತ್ತಿಗೆ, ಬೆಂಕಿ ನಂದಿಸುವ ಸಿಲಿಂಡರ್ ಎಂದು ಕೆಲವು ದಿನ ಎಲ್ಲೆಡೆ ತಪಾಸಣೆ. ಆಮೇಲೆ ಸ್ಲೀಪರ್ ಬಸ್ಸಿನ ತುರ್ತು ಬಾಗಿಲಿನ ಮುಂದೆ ಮತ್ತೆ ಪಾರ್ಸೆಲ್ ಪೆಟ್ಟಿಗೆಗಳು. ಪ್ರಯಾಣಿಕರಾದ ನಾವು ಎಸಿ ಸಾಲದಿದ್ದರೆ ಎದ್ದು ಕೇಳುತ್ತೇವೆ, ವೈಫೈ ಇಲ್ಲದಿದ್ದರೆ ಕೇಳುತ್ತೇವೆ. ಸುತ್ತಿಗೆ ಎಲ್ಲಿದೆ ಎಂದು ಕೇಳಿದವರನ್ನು ನಾನು ಇದುವರೆಗೆ ನೋಡಿಲ್ಲ. ಕೇಳುವುದನ್ನು ನಾನೇ ಶುರು ಮಾಡಿದ್ದೇನೆ. ಮೊದಲು ಮುಜುಗರ ಎನಿಸಿತು, ಈಗ ಎನಿಸುವುದಿಲ್ಲ.

*

ಗೆಳೆಯನ ಊರು ದಾವಣಗೆರೆ. ನಾನು ಹುಬ್ಬಳ್ಳಿಗೆ ಹೋಗುವ ಬಸ್ಸು ಅಲ್ಲಿ ಅಪರಾತ್ರಿ ಕೆಲವೇ ನಿಮಿಷ ನಿಲ್ಲುತ್ತದೆ. ಹೇಳಬೇಡ ಎಂದರೂ ಸುಳಿವು ಹಿಡಿದು ಅವನು ಬಂದುಬಿಡುತ್ತಾನೆ, ಕೈಯಲ್ಲಿ ಖಾರ ಮಂಡಕ್ಕಿಯ ಪೊಟ್ಟಣ. ಮಾತೇನೂ ಇರುವುದಿಲ್ಲ. ಶುಗರ್ ಎಷ್ಟಿದೆ, ಮಗನಿಗೆ ಕೆಲಸ ಆಯಿತೇ, ಅಷ್ಟೇ. ಕಂಡಕ್ಟರ್ ಸೀಟಿ ಊದುತ್ತಾರೆ. ಅರ್ಧ ನಿದ್ದೆ ಬಿಟ್ಟು ಎದ್ದು ಬಂದವನ ಆ ಕೆಲವು ನಿಮಿಷಗಳ ಮುಂದೆ, ವರ್ಷವಿಡೀ ಬೆಳಗಿನ ಶುಭಾಶಯದ ಹೂವಿನ ಚಿತ್ರ ಕಳಿಸುವ ನೂರು ಗೆಳೆತನಗಳು ಹಗುರ.

*

ಚುನಾವಣೆಯ ವರ್ಷದಲ್ಲಿ ಹಳೆಯ ಸಹಪಾಠಿಗಳು ಮಾತು ಬಿಡುತ್ತಾರೆ. ಒಬ್ಬನ ತಂದೆಗೆ ರಕ್ತ ಬೇಕಾದಾಗ ಅದೇ ಮಂದಿ ಆಸ್ಪತ್ರೆಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಪಕ್ಷದ ಬಗ್ಗೆ ಬರೆಯುವಾಗ ಈ ಎರಡನೆಯ ದಿನವನ್ನು ನೆನೆದು ಬರೆದರೆ ಎಷ್ಟೋ ಮಾತುಗಳು ಬರೆಯದೇ ಉಳಿಯುತ್ತವೆ.

*

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ, ಒಟ್ಟು 33 ಗೇಟು, ತುಂಬಿ ನಿಂತ ನೀರು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರಿನ ರೈತರು ತಮ್ಮ ಬೆಳೆಯ ನೀರು ಹೊಳೆಗೆ ಹರಿಯುವುದನ್ನು ನೋಡುತ್ತ ನಿಂತರು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಇಳಿವಯಸ್ಸಿನಲ್ಲಿ ಬಂದು ನಿಂತರು. ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಗೇಟಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಬಾಯಿ ಮುಚ್ಚಿಸಿದರು. ಕೆಲಸಗಾರರು ಆ ನೀರಿನ ಮೇಲೆ ತೂಗಾಡುತ್ತ ದುಡಿದರು.

ಆ ವಾರ ನಾನು ಬಳ್ಳಾರಿಯಲ್ಲಿದ್ದೆ. ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲ ಕಡೆ ಒಂದೇ ಮಾತು, ಗೇಟು ಕೂತಿತಾ? ಕಡೆಯ ತುಂಡು ಕೂತ ಸುದ್ದಿ ಬಂದಾಗ ಅಪರಿಚಿತರು ಒಬ್ಬರಿಗೊಬ್ಬರು ಅದನ್ನು ಹೇಳಿಕೊಂಡದ್ದನ್ನು ನೋಡಿದೆ. ಎಪ್ಪತ್ತು ವರ್ಷ ಒಂದು ಸರಪಳಿ ಎಳೆದು ಹಿಡಿದಿತ್ತು. ಅದಕ್ಕೆ ಎಣ್ಣೆ ಹಚ್ಚಿದವರು, ತುಕ್ಕು ನೋಡಿ ಬರೆದಿಟ್ಟವರು ಎಷ್ಟು ಮಂದಿಯೋ. ಕೆಡುವ ತನಕ ಯಾವುದನ್ನೂ ನೋಡದ ನಮ್ಮ ಅಭ್ಯಾಸ ಅಣೆಕಟ್ಟೆಗೂ ಕೆಟ್ಟದ್ದು, ಸಂಸಾರಕ್ಕೂ ಕೆಟ್ಟದ್ದು.

*

ಮಳೆಗಾಲದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ರೈಲು ಇಳಿಯುವಾಗ ಪ್ರಯಾಣಿಕರೆಲ್ಲ ಕಿಟಕಿಗೆ ಮುಗಿಬಿದ್ದು ಜಲಪಾತಗಳ ಚಿತ್ರ ತೆಗೆಯುತ್ತಾರೆ. ಸುಮಾರು 55 ಕಿಲೋಮೀಟರಿನ ಆ ಘಟ್ಟದಲ್ಲಿ 57 ಸುರಂಗಗಳು. ಎರಡು ಸುರಂಗಗಳ ನಡುವಿನ ಬೆಳಕಿನಲ್ಲಿ, ಮಳೆಯಂಗಿ ತೊಟ್ಟು ಹಸಿರು ಬಾವುಟ ಹಿಡಿದು ಹಳಿಯ ಪಕ್ಕ ನಿಂತವನೊಬ್ಬ ಕ್ಷಣ ಕಂಡು ಮರೆಯಾಗುತ್ತಾನೆ. ಗುಡ್ಡ ಜಾರಿದೆಯೇ, ಮರ ಬಿದ್ದಿದೆಯೇ ಎಂದು ನಮಗಿಂತ ಮುಂಚೆ ನಡೆದು ನೋಡಿದವನು ಅವನು. ನನ್ನ ಬಳಿ ಜಲಪಾತದ ಚಿತ್ರಗಳು ಬೇಕಾದಷ್ಟಿವೆ. ಅವನದು ಒಂದೂ ಇಲ್ಲ.

*

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಅಗಲಿಸಲು ಬುಡ ಕಡಿದಿದ್ದ ಗುಡ್ಡ ಅದು. ಚಹಾದಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು, ಲಾರಿ ನಿಲ್ಲಿಸಿಕೊಂಡಿದ್ದ ಚಾಲಕರು ಹೋದರು. ಕೇರಳದ ಒಬ್ಬ ಚಾಲಕನ ಲಾರಿ ಗಂಗಾವಳಿ ನದಿಯಿಂದ ಮೇಲೆ ಬರುವಾಗ ಸೆಪ್ಟೆಂಬರ್ 25 ಆಗಿತ್ತು. ಅಷ್ಟು ದಿನ ಎರಡು ರಾಜ್ಯಗಳ ಜನ ಆ ಒಬ್ಬನಿಗಾಗಿ ಕಾದರು. ಆ ಕಾಯುವಿಕೆಯಲ್ಲಿ ಭಾಷೆ, ಗಡಿ ಯಾವುದೂ ಅಡ್ಡ ಬರಲಿಲ್ಲ. ನಮ್ಮ ಮನೆಯ ಮರ, ಸಿಮೆಂಟು, ತರಕಾರಿ, ಔಷಧಿ ಎಲ್ಲವೂ ಇಂಥ ಒಬ್ಬನ ನಿದ್ದೆಗೆಟ್ಟ ರಾತ್ರಿಯಲ್ಲಿ ಬಂದಿರುತ್ತದೆ.

*

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ, ಸೀಟು ಸಿಗುವುದಿಲ್ಲ ಎಂಬ ಗೊಣಗಾಟ ಬಸ್ಸಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಅದೇ ಬಸ್ಸುಗಳಲ್ಲಿ, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರನ್ನೂ ಕಂಡಿದ್ದೇನೆ. ಮದುವೆ, ಬಾಣಂತನ, ಸಾವು, ಈ ಮೂರು ಬಿಟ್ಟರೆ ಹೊಸ್ತಿಲು ದಾಟಲು ಕಾರಣವೇ ಇಲ್ಲದಿದ್ದವರು ಅವರು. ಅರಸೀಕೆರೆಯಲ್ಲಿ ಹತ್ತಿದ ಒಬ್ಬ ಹಿರಿಯಾಕೆ ಎಲ್ಲಿಗೆ ಹೊರಟಿರಿ ಎಂದದ್ದಕ್ಕೆ, 'ಸುಮ್ನೆ, ಅಕ್ಕನ್ನ ನೋಡ್ಬೇಕು ಅನ್ನಿಸ್ತು' ಎಂದರು. ಯಾರ ಅಪ್ಪಣೆ ಕಾಯದೆ, ಯಾರ ಮುಂದೂ ಬಸ್ ಚಾರ್ಜಿಗೆ ಕೈ ಚಾಚದೆ ಅಕ್ಕನನ್ನು ನೋಡಲು ಹೊರಡುವುದು ದೊಡ್ಡ ಸಂಗತಿ. ಅದರ ಬೆಲೆಯನ್ನು ಸೀಟಿನ ಲೆಕ್ಕದಲ್ಲಿ ಕಟ್ಟಬಾರದು.

ಈ ಯೋಜನೆಯ ಭಾರ ಹೊತ್ತವರಲ್ಲಿ ಕಂಡಕ್ಟರ್ ಮೊದಲಿಗರು. ತುಂಬಿದ ಬಸ್ಸಿನಲ್ಲಿ ಒಬ್ಬೊಬ್ಬರಿಗೂ ಶೂನ್ಯ ಟಿಕೆಟ್ ಹರಿದು ಕೊಡಬೇಕು, ಗುರುತಿನ ಚೀಟಿ ನೋಡಬೇಕು, ಬೈಗುಳ ಕೇಳಬೇಕು. 2025ರ ಆಗಸ್ಟ್ 5ರಂದು 38 ತಿಂಗಳ ವೇತನ ಹಿಂಬಾಕಿಗಾಗಿ ಸಾರಿಗೆ ನೌಕರರು ಮುಷ್ಕರಕ್ಕಿಳಿದಾಗ ನಮಗೆ ಒಂದು ದಿನದ ತೊಂದರೆಯಾಯಿತು. ಹೆಂಗಸರ ಪ್ರಯಾಣ ಉಚಿತವಾಗಲಿ. ಅವರನ್ನು ಕರೆದೊಯ್ಯುವವರ ದುಡಿಮೆ ಉಚಿತವಾಗಬಾರದು.

*

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು, ಅನುವಾದಿಸಿದ ಮಡಿಕೇರಿಯ ದೀಪಾ ಭಾಸ್ತಿ ಅವರೊಂದಿಗೆ. ಅಡುಗೆಮನೆ, ನಡುಮನೆಗಳ ಒಳಗೇ ಸವೆದ ಹೆಂಗಸರ ಕಥೆಗಳು ಅಷ್ಟು ದೂರ ಹೋದವು. ಕಥೆ ಹೋದ ದಾರಿಯಲ್ಲಿ ಆ ಹೆಂಗಸರೂ ಹೋಗುವಂತಾಗಬೇಕು.

*

ಮೆಟ್ರೊ ಬಂದು ಉಳಿಸಿದ ಅರ್ಧ ಗಂಟೆಯನ್ನು ಯಾರಿಗೆ ಕೊಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ಕಚೇರಿ ತೆಗೆದುಕೊಳ್ಳುತ್ತದೆ.

*

2025ರ ಜೂನ್ 3ರ ರಾತ್ರಿ, 18ನೇ ಐಪಿಎಲ್‌ನಲ್ಲಿ ಆರ್‌ಸಿಬಿ ಗೆದ್ದಾಗ ನಾನು ತಂಗಿದ್ದ ಮಂಗಳೂರಿನ ಬೀದಿಯೂ ಕುಣಿಯಿತು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯರು. ಬೇಗ ಬರುತ್ತೇನೆ ಎಂದು ಹೇಳಿ ಹೊರಟ ಮಕ್ಕಳು. ಜನ ಎಷ್ಟು ಬರುತ್ತಾರೆ, ಎಲ್ಲಿಂದ ಒಳಗೆ ಬಿಡಬೇಕು, ಎಲ್ಲಿ ತಡೆಯಬೇಕು ಎಂದು ಎಚ್ಚರದಿಂದ ಯೋಚಿಸಬೇಕಾದವರು ಯೋಚಿಸದಿದ್ದರೆ ಸಂಭ್ರಮವೂ ಕೊಲ್ಲುತ್ತದೆ. ಗೆದ್ದ ದಿನದ ಕುಣಿತ ನೆನಪಿರುವವರು ಆ ಹನ್ನೊಂದು ಮನೆಗಳನ್ನೂ ನೆನಪಿಡಬೇಕು. ಒಂದನ್ನು ಮಾತ್ರ ನೆನೆಯುವುದು ಅನ್ಯಾಯ.

*

ಸಾವಿನ ಸುದ್ದಿ ಬಂದಾಗ ಪರ ಊರಿನಲ್ಲಿರುವವನಿಗೆ ದಾರಿ ಮುಗಿಯುವುದೇ ಇಲ್ಲ. ಅಂಥ ಒಂದು ರಾತ್ರಿ ಪಕ್ಕದ ಸೀಟಿನವರು, ನಾನು ಏನೂ ಹೇಳದಿದ್ದರೂ, ತಮ್ಮ ನೀರಿನ ಬಾಟಲಿಯನ್ನು ನನ್ನ ಕೈಗಿಟ್ಟು, ಕಿಟಕಿಯ ಸೀಟು ಬಿಟ್ಟುಕೊಟ್ಟು, ತುಮಕೂರಿನ ತನಕ ಮಾತಾಡದೆ ಕೂತಿದ್ದರು. ಮಾತಾಡದೆ ಕೂರಲು ಬಲ್ಲವರು ಕಡಿಮೆ.

*

ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತು ಗೌರವಧನಕ್ಕಾಗಿ ಹೋರಾಡಿದರು. ಹೆರಿಗೆ ನೋವು ಬಂದ ಹೆಣ್ಣುಮಕ್ಕಳ ಜೊತೆ ನಡುರಾತ್ರಿ ಆಸ್ಪತ್ರೆಗೆ ಹೋಗುವವರು ಅವರು. ನಮ್ಮ ರಾತ್ರಿಗಳನ್ನು ಕಾಯುವವರು ತಮ್ಮ ರಾತ್ರಿಗಳನ್ನು ಬೀದಿಯಲ್ಲಿ ಕಳೆಯಬೇಕಾಗಿ ಬಂದದ್ದು ಸಮಾಜದ ನಾಚಿಕೆ.

*

ಮದುವೆಗೆ, ತೀರ್ಥಯಾತ್ರೆಗೆ, ಪ್ರವಾಸಕ್ಕೆ ಗಾಡಿ ಮಾಡಿಕೊಂಡು ಹೋಗುವವರಲ್ಲಿ ಒಂದು ಕೇಳಿಕೆ. ಛತ್ರ ಸೇರಿದ ಕೂಡಲೇ ಚಾಲಕನಿಗೆ ಊಟವಾಯಿತೇ ಎಂದು ವಿಚಾರಿಸಿ, ಕಾಲು ಚಾಚಿ ಮಲಗಲು ಒಂದು ಚಾಪೆ, ಒಂದು ಫ್ಯಾನು ಕೊಡಿಸಿ. ರಾತ್ರಿಯೇ ವಾಪಸು ಹೊರಡೋಣ ಎಂದು ಹಟ ಮಾಡಬೇಡಿ. ಬೆಳಗಾದ ಮೇಲೆ ಹೊರಡಿ. ಬಸ್ಸು ಕಾದಿರಿಸುವಾಗ ಇಬ್ಬರು ಚಾಲಕರಿದ್ದಾರೆಯೇ ಎಂದು ಕೇಳಿ, ಇಲ್ಲ ಎಂದರೆ ಬೇರೆ ಬಸ್ಸು ನೋಡಿ. ಇಳಿಯುವಾಗ ಚಾಲಕರ ಬಳಿ ಒಂದು ಕ್ಷಣ ನಿಂತು ಹೆಸರು ಕೇಳಿ, ವಂದಿಸಿ ಇಳಿಯಿರಿ.