ಜಾಲಿ ಗಿಡದ ಕೆಳಗೆ ಮಲಗಿದವನಿಗೆ ಮೊದಲು ರೊಟ್ಟಿ

ಸತ್ಯವೇದ ತೆಗೆಯಿರಿ, 1 ಅರಸುಗಳು 19ನೇ ಅಧ್ಯಾಯ.

18ನೇ ಅಧ್ಯಾಯದ ಮೇಲೆ ನಾವೆಲ್ಲ ಬೇಕಾದಷ್ಟು ಪ್ರಸಂಗ ಕೇಳಿದ್ದೇವೆ. ಕರ್ಮೆಲ್ ಬೆಟ್ಟ, ಆಕಾಶದಿಂದ ಬೆಂಕಿ, ಹಲ್ಲೆಲೂಯಾ! ಆದರೆ ಅದೇ ಎಲೀಯ ಮುಂದಿನ ಅಧ್ಯಾಯದಲ್ಲಿ ಎಲ್ಲಿದ್ದಾನೆ ನೋಡಿ. ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಸೇವಕನನ್ನು ಬೇರ್ಷೆಬದಲ್ಲೇ ಬಿಟ್ಟು, ಒಬ್ಬನೇ ಅಡವಿಯಲ್ಲಿ ಜಾಲಿ ಗಿಡದ ಕೆಳಗೆ ಕೂತು, ಸಾವು ಬರಲಿ ಅಂತ ಬೇಡುತ್ತಾನೆ. ಆದ್ದರಿಂದ "ನಿಜವಾದ ವಿಶ್ವಾಸಿಗೆ ಡಿಪ್ರೆಶನ್ ಬರಲ್ಲ" ಅಂತ ಯಾರಾದರೂ ಅಂದರೆ, ಅವರು 18ಕ್ಕೇ ಬೈಬಲ್ ಮುಚ್ಚಿದ್ದಾರೆ ಅಂತ ತಿಳ್ಕೊಳ್ಳಿ.

ದೇವದೂತನು ಬಂದು ಏನು ಮಾಡಿದ? "ನಿನ್ನ ವಿಶ್ವಾಸ ಎಲ್ಲಿ ಹೋಯ್ತು" ಅನ್ನಲಿಲ್ಲ. ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದ, ಮತ್ತೆ ಮಲಗಿದ. ಬೈಗುಳ ಇಲ್ಲ. ದೂತನು ಎರಡನೇ ಸಲ ಬಂದ. ಈ "ಎರಡನೇ ಸಲ" ಅನ್ನೋದನ್ನ ಗೆರೆ ಎಳೆದು ಇಟ್ಕೊಳ್ಳಿ. ನಾವು ಒಂದು ವಚನ ಫಾರ್ವರ್ಡ್ ಮಾಡ್ತೀವಿ, ರಿಪ್ಲೈ ಬರದಿದ್ದರೆ "ಆಯ್ತು ಬಿಡು" ಅಂತೀವಿ.

ಎಲೀಯ 40 ದಿನ ನಡೆದು ಹೋರೇಬಿಗೆ ಹೋದದ್ದು ಆ ಊಟದ ಬಲದಿಂದ. ಊಟ ಮೊದಲು, ಹೋರೇಬ್ ಆಮೇಲೆ. ಹಾಗಿರುವಾಗ ನಿದ್ದೆ ಕೆಟ್ಟು ಕುಗ್ಗಿಹೋದ ತಮ್ಮನಿಗೆ "ಮೂರು ದಿನ ಉಪವಾಸ ಇರು" ಅನ್ನಬೇಡಿ. ಅವನ ಪಿಜಿಗೆ ಅನ್ನ ಸಾರು ತಗೊಂಡು ಹೋಗಿ. ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ. ಯೋಬನ ಸ್ನೇಹಿತರು ಏಳು ದಿನ ಮಾತಾಡದೆ ನೆಲದ ಮೇಲೆ ಕೂತಿದ್ದಾಗ ಚೆನ್ನಾಗಿಯೇ ಇದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ!

ಆದರೂ ಒಂದು ಪ್ರಶ್ನೆ ಕೇಳಲೇಬೇಕು: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಹೆದರ್ತೀವಿ. ಹಾಗಾಗಲ್ಲ, ಎಷ್ಟೋ ಜನಕ್ಕೆ ಯಾರಾದರೂ ಕೇಳಿದರಲ್ಲ ಅಂತ ಎದೆ ಹಗುರ ಆಗುತ್ತೆ. "ಹೌದು" ಅಂದರೆ ಒಬ್ಬರನ್ನೇ ಬಿಡಬೇಡಿ. ಮಾತ್ರೆ, ವಿಷ, ಅಂಥದ್ದು ಕೈಗೆ ಸಿಗದ ಹಾಗೆ ಎತ್ತಿಡಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಈ ಗುಟ್ಟು ಕಾಯುವುದು ಪ್ರೀತಿಯಲ್ಲ. ಅವರ ಪಕ್ಕದಲ್ಲಿ ಕೂತೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಇದ್ದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆ. ಬೆಂಗಳೂರಲ್ಲಿ ನಿಮ್ಹಾನ್ಸ್ ಎಮರ್ಜೆನ್ಸಿ ರಾತ್ರಿಯೂ ತೆರೆದಿರುತ್ತೆ. ಪೊಲೀಸ್ ಕೇಸ್ ಆಗುತ್ತೆ ಅಂತ ಮನೆಯವರು ಮುಚ್ಚಿಡ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತೆ, ಶಿಕ್ಷೆಗೆ ಎಳೆಯಲ್ಲ.

ಇನ್ನೊಂದು ಮಾತು, ಇದನ್ನ ಸ್ವಲ್ಪ ಖಾರವಾಗಿಯೇ ಹೇಳ್ತೀನಿ. "ಪಾಸ್ಟರ್ ಕೈ ಇಟ್ಟು ಪ್ರಾರ್ಥಿಸಿದ್ದಾರೆ, ಇನ್ನು ಮಾತ್ರೆ ಬೇಡ" ಅನ್ನೋದು ಈ ಸಭೆಯಲ್ಲಿ ಕೇಳಿಬರಬಾರದು. ಮಾತ್ರೆ ನಿಲ್ಲಿಸೋದು ಡಾಕ್ಟರ್ ಹೇಳಿದಾಗ ಮಾತ್ರ. ಸ್ವಸ್ಥಮಾಡುವ ದೇವರನ್ನು ನಂಬುತ್ತೇವೆ, ಆಮೆನ್? ಅದೇ ಪೌಲನು ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಅಪೊಸ್ತಲನಿಗೆ ವಿಶ್ವಾಸ ಕಡಿಮೆ ಇತ್ತಾ?

ಈಗ ಫೋನ್ ತೆಗೆದು 14416 ಸೇವ್ ಮಾಡ್ಕೊಳ್ಳಿ. ಹೌದು, ಆರಾಧನೆಯ ಮಧ್ಯದಲ್ಲೇ. ಬಹಳ ದಿನದಿಂದ ಸಭೆಗೆ ಬರದೆ, ಗ್ರೂಪ್ ಬಿಟ್ಟು ಹೋದ ಒಬ್ಬರ ಹೆಸರು ಮನಸ್ಸಿಗೆ ಬಂದರೆ ಇವತ್ತು ಮಧ್ಯಾಹ್ನವೇ ಹೋಗಿ ಬನ್ನಿ. ನೀವೇ ಆ ಜಾಲಿ ಗಿಡದ ಕೆಳಗಿದ್ದರೆ, ಪ್ರಾರ್ಥನೆ ಮುಗಿದ ಮೇಲೆ ಮನೆಗೆ ಹೋಗಬೇಡಿ, ಮುಂದಿನ ಸಾಲಿಗೆ ಬನ್ನಿ. ನಾನೂ ಅಮ್ಮನವರೂ ಇಲ್ಲೇ ಇರ್ತೀವಿ. ಎಲ್ಲರೂ ಎದ್ದು ನಿಲ್ಲೋಣ.